ಹನ್ನೆರಡು ಬಾಯಿ ನೀರು

ಕೇದಾರ ಘಾಟ್, ಕಾಶಿ
ಪುಷ್ಯ ಶುದ್ಧ ಪಂಚಮಿ, ಗುರುವಾರ

ಚಿರಂಜೀವಿ ವಿಶಾಲಾಕ್ಷಿಗೆ,

ಮೊನ್ನೆ ನಿನ್ನ ಮೆಸೇಜು ಬಂತು. "ಅಣ್ಣ, ನೀವು ಅಕಲ್ ದಾಢ್, ಅದೇ ಬುದ್ಧಿಹಲ್ಲು, ತೆಗೆಸಿದ್ರಂತೆ, ಅತ್ತಿಗೆ ಹೇಳಿದ್ರು. ನಂಗೂ ಕೆಳಗಿನವೆರಡೂ ತೆಗೀಬೇಕಂತೆ. ಹೇಗಿರುತ್ತೆ?" ಎಂದು ಕೇಳಿದ್ದೆ. ಅಮ್ಮ ಹೋದ ಮೇಲೆ ಈ ಮೂರು ವರ್ಷಗಳಲ್ಲಿ ನಿನ್ನಿಂದ ನನಗೆ ಬಂದಿರುವುದೆಲ್ಲ "ಸರಿ", "ಆಯ್ತು", "ತಲುಪಿತು" ಎಂಬ ಒಂದೊಂದೇ ಮಾತು. ಪ್ರಶ್ನೆ ಬಂದದ್ದು ಇದೇ ಮೊದಲು. ಮಾಳಿಗೆಯ ಮೆಟ್ಟಿಲ ಮೇಲೆ ಕೂತು "ಏನೂ ಆಗಲ್ಲ, ಹೆದರಬೇಡ" ಎಂದು ಒತ್ತಿದೆ. ಕಳಿಸುವ ಮುಂಚೆ ಅಳಿಸಿದೆ. ಅದು ಸುಳ್ಳು. ನಿನಗೆ ಹೇಳಿರುವ ಸುಳ್ಳು ಈಗಾಗಲೇ ಒಂದಿದೆ, ಅದರ ಮೇಲೆ ಇನ್ನೊಂದು ಬೇಡ ಅನ್ನಿಸಿತು. ಅದಕ್ಕೇ ಈ ಕಾಗದ. ಸ್ಪೀಡ್ ಪೋಸ್ಟಿನಲ್ಲಿ ಹಾಕಿದರೆ ಐದಾರು ದಿನಕ್ಕೆ ಜಬಲಪುರ ಸೇರುತ್ತದೆಂದು ನಿನ್ನ ಅತ್ತಿಗೆ ಕಾತ್ಯಾಯನಿ ಹೇಳಿದಳು. ನಿನ್ನ ಹಲ್ಲು ಕೀಳುವ ದಿನಕ್ಕೆ ಮುಂಚೆ ನಿನ್ನ ಕೈಯಲ್ಲಿರುತ್ತದೆ.

ಮೊದಲಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಬೇಸರಪಡಬೇಡ. ಮಂತ್ರವಾದರೂ ಅಷ್ಟೇ, ನಾನು ನಡುವಿನಿಂದ ಹಿಡಿದರೆ ತಪ್ಪುತ್ತೇನೆ.

ಪಿತೃಪಕ್ಷದಲ್ಲೇ ಎಡಗಡೆ ಕೆಳದವಡೆ ಬಿಗಿಯಾಗಿತ್ತು. ಆ ಹದಿನೈದು ದಿನ ನಮ್ಮ ಮನೆ ಹೇಗಿರುತ್ತದೆಂದು ನಿನಗೆ ಗೊತ್ತು. ಬೆಳಿಗ್ಗೆ ಘಾಟಿನಲ್ಲಿ ಯಾತ್ರಿಕರಿಗೆ ಪಿಂಡಪ್ರದಾನ ಮಾಡಿಸುವುದು, ಮಧ್ಯಾಹ್ನ ಅವರ ಪಿತೃಗಳ ಹೆಸರಿನಲ್ಲಿ ಎಲೆಯ ಮುಂದೆ ಬ್ರಾಹ್ಮಣಾರ್ಥಕ್ಕೆ ಕೂರುವುದು. ವಡೆ ಅಗಿಯಲಾರದೆ ಬಲಗಡೆಗೆ ತಳ್ಳಿ ನುಂಗುತ್ತಿದ್ದೆ. ಕೆನ್ನೆ ಊದಿತು. ಬೇರೆ ಊರಾಗಿದ್ದರೆ ನಾಲ್ಕು ಜನ ಏನಾಯಿತೆಂದು ಕೇಳುತ್ತಿದ್ದರು. ಇಲ್ಲಿ ಕೆನ್ನೆ ಊದಿದವನನ್ನು ಯಾರು ಕೇಳುತ್ತಾರೆ? ಬಾಯಲ್ಲಿ ಪಾನ್ ಇದೆ ಅಂದುಕೊಂಡರು. ದಾವಣಗೆರೆಯ ಒಬ್ಬ ಯಜಮಾನರಂತೂ "ಸ್ವಾಮೇರ, ಅದನ್ನ ಉಗುಳಿ ಬಂದು ಸಂಕಲ್ಪ ಹೇಳ್ಸ್ರಿ" ಅಂದರು. ನಾನು ಎದ್ದು ಹೋಗಿ, ಉಗುಳಿದ ಹಾಗೆ ಮಾಡಿ ಬಂದು ಕೂತೆ.

ಭೇಲೂಪುರದಲ್ಲಿ ಒಬ್ಬರು ಡಾಕ್ಟರಿದ್ದಾರೆ, ರೇಖಾ ಅಂತ. ನಿನಗಿಂತ ಹತ್ತು ವರ್ಷ ಚಿಕ್ಕವರಿರಬೇಕು. ಮೊದಲು ಒಂದು ಎಕ್ಸ್‌ರೇ ತೆಗೆಯುತ್ತಾರೆ. ನಿಂತುಕೊಂಡು ಗಲ್ಲವನ್ನು ಒಂದು ಪಟ್ಟಿಯ ಮೇಲಿಟ್ಟರೆ, ಯಂತ್ರ ತಲೆಯ ಸುತ್ತ ತಾನೇ ಪ್ರದಕ್ಷಿಣೆ ಬರುತ್ತದೆ. ನೋವಿಲ್ಲ. ಫೋಟೋದಲ್ಲಿ ನನ್ನ ಹಲ್ಲು ಕಂಡಿತು. ಬಸ್ಸಿನಲ್ಲಿ ಪಕ್ಕದವನ ಭುಜಕ್ಕೆ ಒರಗಿ ನಿದ್ದೆ ಹೋದವನ ಹಾಗೆ, ಮುಂದಿನ ಹಲ್ಲಿನ ಮೇಲೆ ಪೂರ್ತಿ ಒರಗಿತ್ತು. ನಡುವಿನ ಸಂದಿ ಹುಳುಕಾಗಿ ಕರ್ರಗಾಗಿತ್ತು. ಡಾಕ್ಟರು ದಿನಕ್ಕೆ ಎಷ್ಟು ಸಲ ಹಲ್ಲುಜ್ಜುತ್ತೀರಿ ಎಂದರು. ರಾತ್ರಿ ಒಂದು ಸಲ ಎಂದೆ. "ಔರ್ ಸುಬಹ್?" ಎಂದರು, ಮತ್ತೆ ಬೆಳಿಗ್ಗೆ ಎಂದು. ನಾನು ಶಾಸ್ತ್ರ ವಿವರಿಸಲು ಶುರು ಮಾಡಿದೆ.

ಆ ಶಾಸ್ತ್ರದ ಮೇಲೆ ನೀನು ಮಾಡಿದ ಗಲಾಟೆ ನೆನಪಿದೆಯಾ? ಶ್ರಾದ್ಧದ ದಿನ ಕರ್ತೃವಾಗಲಿ, ಎಲೆಗೆ ಕೂರುವವನಾಗಲಿ ಹಲ್ಲುಜ್ಜಬಾರದು, ಹನ್ನೆರಡು ಸಲ ಬಾಯಿ ತುಂಬ ನೀರು ಮುಕ್ಕಳಿಸಿದರೆ ಶುದ್ಧಿಯಾಯಿತು ಎಂದು ಅಪ್ಪ ನಮಗೆ ಕಲಿಸಿದ್ದರು. ವರ್ಷಕ್ಕೊಂದು ಶ್ರಾದ್ಧ ಮಾಡುವವರಿಗೆ ಹೇಳಿದ ಮಾತು ಅದು. ನಮ್ಮ ಮನೆಯಲ್ಲಿ ದಿನ ಬೆಳಗಾದರೆ ಯಾರದೋ ಒಂದು ಶ್ರಾದ್ಧ. ನೀನು ಹತ್ತನೇ ಕ್ಲಾಸಿನಲ್ಲಿದ್ದಾಗ ಊಟದ ಮನೆಯಲ್ಲಿ ಎಲ್ಲರ ಮುಂದೆ, "ಪಿತೃಗಳಿಗೆ ಮೂಗಿಲ್ವಾ ಅಣ್ಣ?" ಎಂದು ಕೇಳಿದೆ. ಅಪ್ಪ ತಟ್ಟೆ ಬಿಟ್ಟು ಎದ್ದರು. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು, ಭುಜ ಅಲುಗುತ್ತಿತ್ತು. ನಾನು ಮಾತ್ರ ಅಪ್ಪನ ಕಡೆಯವನು, ನಿನ್ನ ಮೇಲೆ ಸಿಟ್ಟು ಮಾಡಿಕೊಂಡು ಎರಡು ದಿನ ಮಾತು ಬಿಟ್ಟೆ. ಮೂವತ್ತು ವರ್ಷ ಆ ಹನ್ನೆರಡು ಬಾಯಿ ನೀರಿನ ಮೇಲೇ ನಡೆಸಿದೆ. ಡಾಕ್ಟರು ಪೂರ್ತಿ ಕೇಳಿ ಚೀಟಿಯ ಮೇಲೆ ಏನೋ ಬರೆದುಕೊಂಡರು.

ಕೀಳುವ ದಿನ ಹೊಟ್ಟೆ ತುಂಬ ತಿಂದು ಹೋಗು. ಬಾಯಷ್ಟೇ ಮರಗಟ್ಟಿಸುತ್ತಾರೆ, ಪೂರ್ತಿ ಮಲಗಿಸುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಹೋದರೆ ತಲೆ ಸುತ್ತುತ್ತದೆ. ನಿನ್ನ ಡಾಕ್ಟರು ಬೇರೆ ಥರ ಹೇಳಿದ್ದರೆ ಅವರ ಮಾತೇ ಕೇಳು. ಕಾತ್ಯಾಯನಿ ನನಗೆ ಆರು ಇಡ್ಲಿ ಬಡಿಸಿ, ಮುಂದಿನ ಊಟ ಯಾವಾಗಲೋ ಎನ್ನುವ ಹಾಗೆ ನೋಡುತ್ತ ನಿಂತಿದ್ದಳು. ಕುರ್ಚಿಯಲ್ಲಿ ಒರಗಿಸಿ ಕಣ್ಣಿಗೆ ದೀಪ ಬಿಡುತ್ತಾರೆ. ಒಸಡಿಗೆ, ದವಡೆಯ ಮೂಲೆಗೆ ಎರಡು ಮೂರು ಇಂಜೆಕ್ಷನ್. ಕೆಂಪಿರುವೆ ಕಡಿದಷ್ಟು, ಅಷ್ಟೇ. ಐದು ನಿಮಿಷಕ್ಕೆ ಕೆಳತುಟಿಯ ಅರ್ಧ, ನಾಲಿಗೆಯ ಅರ್ಧ, ಗಲ್ಲದ ಅರ್ಧ ಯಾರದೋ ಆಗಿಬಿಡುತ್ತದೆ. ನಾನು ಬೆರಳಿನಿಂದ ಮುಟ್ಟಿ ನೋಡಿದೆ. ಬೆರಳಿಗೆ ತುಟಿ ಗೊತ್ತಾಯಿತು, ತುಟಿಗೆ ಬೆರಳು ಗೊತ್ತಾಗಲಿಲ್ಲ.

ಆಮೇಲೆ ಡಾಕ್ಟರು ಹೇಳಿದರು: "ಪಂಡಿತ್‌ಜೀ, ದರ್ದ್ ನಹೀ ಹೋಗಾ. ದಬಾವ್ ಲಗೇಗಾ." ನೋವಾಗುವುದಿಲ್ಲ, ಒತ್ತಿದ್ದು ಮಾತ್ರ ಗೊತ್ತಾಗುತ್ತದೆ ಎಂದು. ಹಾಗೇ ಆಯಿತು. ಒಸಡು ಕುಯ್ದರು, ಹಲ್ಲನ್ನು ಯಂತ್ರದಿಂದ ಎರಡು ಹೋಳು ಮಾಡಿದರು, ಮೊಣಕೈಗೆ ಶಕ್ತಿ ತಂದುಕೊಂಡು ಮೀಟಿದರು. ತಲೆಯ ಒಳಗೇ ಕಟಕಟ ಶಬ್ದ. ಆ ಶಬ್ದಕ್ಕೆ ನೀನು ಹೆದರಬಾರದು, ಅದೊಂದನ್ನು ಮೊದಲೇ ಹೇಳಿಬಿಡುತ್ತೇನೆ. ಕೀಳುವುದಕ್ಕಿಂತ ಕೇಳುವುದೇ ಕಷ್ಟ. ನಡುನಡುವೆ ಅವರು ದರ್ದ್ ಇದೆಯಾ ಎಂದು ಕೇಳುತ್ತಿದ್ದರು, ನಾನು ಕೈಯಲ್ಲೇ ಇಲ್ಲ ಎನ್ನುತ್ತಿದ್ದೆ. ನಲವತ್ತು ನಿಮಿಷ. ಯಾರೋ ನನ್ನನ್ನು ಕಿತ್ತು ಹೋಳು ಮಾಡುತ್ತಿದ್ದಾರೆ, ನಾನು ಚಾವಣಿಯ ಫ್ಯಾನಿಗೆ ಎಷ್ಟು ರೆಕ್ಕೆ ಎಂದು ನೋಡುತ್ತಿದ್ದೇನೆ. ಈ ಅನುಭವ ನನಗೆ ಹೊಸದಲ್ಲವಲ್ಲ ಅನ್ನಿಸಿತು ಆಗ. ಅದನ್ನು ಮುಂದೆ ಬರೆಯುತ್ತೇನೆ. ಮೊದಲು ನಿನಗೆ ಬೇಕಾದದ್ದು ಮುಗಿಸುತ್ತೇನೆ.

ಹೊಲಿಗೆ ಹಾಕಿ, ಗಾಯದ ಮೇಲೆ ಬಟ್ಟೆಯ ಉಂಡೆ ಇಟ್ಟು ಕಚ್ಚಿಕೊಳ್ಳಲು ಹೇಳುತ್ತಾರೆ. ಒಂದು ಗಂಟೆ ಬಿಡಬೇಡ. ಉಗುಳಬೇಡ, ಎಂಜಲು ನುಂಗು. ರಕ್ತದ ರುಚಿ ಬರುತ್ತದೆ, ಬರಲಿ. ಕೆನ್ನೆಯ ಮೇಲೆ ಐಸ್ ಇಡು. ಮರಗಟ್ಟಿದ್ದು ಬಿಡುವವರೆಗೆ ಬಿಸಿ ಕಾಫಿ ಕುಡಿಯಬೇಡ, ತುಟಿ ಸುಟ್ಟರೂ ತಿಳಿಯುವುದಿಲ್ಲ, ಕಚ್ಚಿಕೊಂಡರೂ ತಿಳಿಯುವುದಿಲ್ಲ. ತಣ್ಣಗಿನ ಮಜ್ಜಿಗೆ, ಗಂಜಿ, ಐಸ್‌ಕ್ರೀಮು. ಸ್ಟ್ರಾ ಹಾಕಿ ಎಳೆಯಬೇಡ. ಮಾತ್ರೆಗಳನ್ನು ನೋವು ಬಂದ ಮೇಲೆ ನುಂಗಬೇಡ, ಬರುವ ಮುಂಚೆ ಹೊತ್ತಿಗೆ ಸರಿಯಾಗಿ ನುಂಗು. ಮೂರನೆಯ ದಿನ ಮುಖ ಅತಿ ಹೆಚ್ಚು ಊದುತ್ತದೆ. ಕನ್ನಡಿ ನೋಡಿ ಗಾಬರಿಯಾಗಬೇಡ, ನಾಲ್ಕನೆಯ ದಿನದಿಂದ ಇಳಿಯುತ್ತದೆ. ಬಾಯಿ ಎರಡು ಬೆರಳಿನಷ್ಟೂ ತೆರೆಯುವುದಿಲ್ಲ. ಒಂದು ವಾರ ಶಾಲೆಗೆ ರಜೆ ಹಾಕು. ಮಕ್ಕಳಿಗೆ ಗಂಗಾ ನದಿ ಎಲ್ಲಿ ಹುಟ್ಟುತ್ತದೆಂದು ಬೇರೆ ಯಾರಾದರೂ ಹೇಳಿಕೊಡುತ್ತಾರೆ.

ಎಲ್ಲಕ್ಕಿಂತ ಮುಖ್ಯ: ಮೊದಲ ಇಪ್ಪತ್ತನಾಲ್ಕು ಗಂಟೆ ಬಾಯಿ ಮುಕ್ಕಳಿಸಬೇಡ. ಹಲ್ಲು ಇದ್ದ ಗುಂಡಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪೇ ಗಾಯಕ್ಕೆ ಮುಚ್ಚಳ. ಅದು ಎದ್ದು ಬಂದರೆ ಒಳಗಿನ ಮೂಳೆ ಬಯಲಾಗುತ್ತದೆ. ಡಾಕ್ಟರು ಹಿಂದಿಯಲ್ಲಿ ಅಚ್ಚು ಮಾಡಿದ ಹಾಳೆ ಕೊಟ್ಟಿದ್ದರು, ಈ ಒಂದು ಸಾಲಿಗೆ ಕೆಂಪು ಗೆರೆ ಎಳೆದಿದ್ದರು. ಕಾತ್ಯಾಯನಿ ಆಟೋದಲ್ಲಿ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದಳು. ನಾನು ತಲೆ ಆಡಿಸಿದೆ.

ಮರುದಿನ ಬೆಳಿಗ್ಗೆ ಎದ್ದೆ. ಒಂದು ವಾರಕ್ಕೆ ನನ್ನ ಕೆಲಸವನ್ನೆಲ್ಲ ನನ್ನ ಜೊತೆ ಘಾಟಿನಲ್ಲಿ ಪೌರೋಹಿತ್ಯ ಮಾಡುವ ಶಾಮನಿಗೆ ಒಪ್ಪಿಸಿದ್ದೆ, ಅವತ್ತು ಯಾರ ಶ್ರಾದ್ಧವೂ ನನ್ನ ತಲೆಯ ಮೇಲಿರಲಿಲ್ಲ. ಆದರೂ ಕೈ ತಾನೇ ಚೊಂಬಿಗೆ ಹೋಯಿತು. ಹಿತ್ತಲಲ್ಲಿ ಕೂತು ಬಾಯಿ ತುಂಬ ನೀರು ಹಾಕಿಕೊಂಡು ಮುಕ್ಕಳಿಸಿದೆ. ಒಂದು, ಎರಡು, ಮೂರು. ಏಳನೆಯದಕ್ಕೆ ನೀರು ಕೆಂಪಾಗಿ ಬಿತ್ತು, ಅದರ ಜೊತೆ ನೇರಳೆಹಣ್ಣಿನ ಸಿಪ್ಪೆಯಂಥದೊಂದು ಕಪ್ಪು ಚೂರು. ಅದೇನೆಂದು ನನಗೆ ಗೊತ್ತಾಯಿತು ವಿಶಾಲೂ. ಕೆಂಪು ಗೆರೆಯೂ ನೆನಪಾಯಿತು. ಆದರೆ ಏಳಕ್ಕೆ ನಿಲ್ಲಿಸಬಾರದಲ್ಲ. ಎಂಟು, ಒಂಬತ್ತು ಎಂದು ಹನ್ನೆರಡೂ ಮುಗಿಸಿಯೇ ಎದ್ದೆ. ನಗುತ್ತೀಯಾದರೆ ನಗು. ಕಾತ್ಯಾಯನಿ ನಗಲಿಲ್ಲ. ತಲೆಯ ಮೇಲೆ ಕೈ ಹೊತ್ತು ಹಿತ್ತಲ ಬಾಗಿಲಲ್ಲೇ ಕೂತಳು.

ಮೂರನೆಯ ದಿನ ಸಂಜೆಯಿಂದ ನೋವು ಶುರುವಾಯಿತು. ಅದನ್ನು ನಿನಗೆ ವರ್ಣಿಸುವುದಿಲ್ಲ, ನಿನಗೆ ಅದು ಬರುವುದಿಲ್ಲ, ಏಕೆಂದರೆ ನೀನು ಹಾಳೆ ಓದಿ ಹಾಳೆಯ ಹಾಗೆ ನಡೆಯುವವಳು. ದವಡೆಯಿಂದ ಕಿವಿಗೆ, ಕಿವಿಯಿಂದ ನೆತ್ತಿಗೆ ಏರುವ ನೋವು, ಮಾತ್ರೆಗೆ ಬಗ್ಗದ್ದು. ನಾಲ್ಕನೆಯ ದಿನ ಬೆಳಿಗ್ಗೆ ಮಾಳಿಗೆಯ ಮೇಲೆ ಬಿಸಿಲಿನಲ್ಲಿ ಕೂತಿದ್ದವನು ಅತ್ತುಬಿಟ್ಟೆ. ಐವತ್ತೊಂದು ವರ್ಷದ ಗಂಡಸು, ಪಕ್ಕದ ಮನೆಯ ಬಸವಣ್ಣೆಮ್ಮನವರು ಹಪ್ಪಳ ಒಣಗಿಸುತ್ತ ನೋಡುತ್ತಿದ್ದಾರೆ, ನಾನು ಬಾಯಿ ಮುಚ್ಚಲೂ ಆಗದೆ ತೆರೆಯಲೂ ಆಗದೆ ಮಗುವಿನ ಹಾಗೆ ಅಳುತ್ತಿದ್ದೇನೆ. ಡಾಕ್ಟರು ಅವತ್ತೇ ಗುಂಡಿ ತೊಳೆದು ಲವಂಗದ ವಾಸನೆಯ ಔಷಧಿ ಬಟ್ಟೆ ತುರುಕಿದರು. ಅರ್ಧ ಗಂಟೆಯಲ್ಲಿ ನೋವು ಇಳಿಯಿತು. ದಿನ ಬಿಟ್ಟು ದಿನ ಹೋಗಿ ಬಟ್ಟೆ ಬದಲಾಯಿಸಿಕೊಂಡು ಬಂದೆ. ಅವರು ಮೂರನೆಯ ಸಲ "ಕುಲ್ಲಾ ಕಿಯಾ ಥಾ ನ?" ಎಂದು ಕೇಳಿದಾಗ, ಹೌದು ಮುಕ್ಕಳಿಸಿದೆ, ಹನ್ನೆರಡು ಸಲ ಎಂದು ಒಪ್ಪಿಕೊಂಡೆ.

ಆ ಅಳು ಅಮ್ಮನಿಗಾಗಿ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ನಿನಗೂ ಓದಲು ಸಮಾಧಾನವಾಗುತ್ತಿತ್ತು. ಆದರೆ ನಾನು ಅತ್ತದ್ದು ಹಲ್ಲಿಗೆ. ಅಮ್ಮನಿಗೆ ನಾನು ಇವತ್ತಿನವರೆಗೆ ಅತ್ತಿಲ್ಲ. ಅಳು ನಿಂತ ಮೇಲೆ ನೀನು ನೆನಪಾದೆ. ಮೂರು ವರ್ಷದ ಹಿಂದೆ ಅಮ್ಮನ ಕೋಣೆಯ ಬಾಗಿಲು ಹಾಕಿಕೊಂಡು ನೀನು ಅತ್ತದ್ದು ಹೀಗೇ ಇತ್ತು, ಬಾಯಿ ಮುಚ್ಚಲಾರದ ಅಳು. ಹೊರಗಿನ ಜಗಲಿಯ ಮೇಲೆ ಕೂತು ನಾನು ಅದನ್ನು ಕೇಳಿದ್ದೆ.

ಈಗ ಆ ದಿನಕ್ಕೆ ಬರುತ್ತೇನೆ. ಆ ಬೆಳಿಗ್ಗೆ ಆರೂ ಕಾಲಿಗೆ ಅಮ್ಮ ಹೋದಳು. ಹಿಂದಿನ ಸಂಜೆ, ಸ್ಥಿತಿ ಸರಿಯಿಲ್ಲ ಎಂದು ನಾನು ಫೋನು ಮಾಡಿದ ಮೇಲೆ ನೀನು ಕೈಗೆ ಸಿಕ್ಕ ರೈಲು ಹತ್ತಿದ್ದೆ. ವಿಶಾಲು ಹೊರಟಿದ್ದಾಳೆ ಎಂದು ಅಮ್ಮನ ಕಿವಿಯಲ್ಲಿ ಹೇಳಿದೆ. ಅವಳು ಕಣ್ಣು ಬಿಡದೆ, "ಸ್ವೆಟರ್ ಹಾಕ್ಕೊಂಡಿದಾಳಾ?" ಎಂದು ಕೇಳಿದಳು. ಹಾಕಿಕೊಂಡಿದ್ದಾಳೆ ಎಂದೆ. ಇದನ್ನು ನಿನಗೆ ಹೇಳಿರಲಿಲ್ಲ. ಆ ಮೇಲೆ ಅವಳು ಮಾತಾಡಲಿಲ್ಲ.

ರೈಲು ಹನ್ನೆರಡಕ್ಕೆ ಬರಬೇಕಿತ್ತು. ಮಂಜು. ನೀನು ಮೂರು ಸಲ ಫೋನು ಮಾಡಿದೆ. ಮೂರನೆಯದು ಒಂದು ಗಂಟೆಗೆ, ಮಿರ್ಜಾಪುರದ ಆಚೆ ನಿಂತ ಗಾಡಿಯಿಂದ. "ಅಣ್ಣ, ಐದು ಗಂಟೆಗಾದ್ರೂ ಬಂದ್ಬಿಡ್ತೀನಿ. ಒಂದು ಸಲ ಮುಖ ನೋಡ್ತೀನಿ ಅಷ್ಟೇ, ಕಾಯೋ" ಎಂದೆ. ಚಿಕ್ಕವಳಿದ್ದಾಗ ಬಿಟ್ಟರೆ ನನಗೆ ನೀನು ಏಕವಚನ ಹಾಕಿ ಬೇಡಿದ್ದು ಅದೊಂದೇ ಸಲ. ನಾನು, ಸೂರ್ಯಾಸ್ತದೊಳಗೆ ಮುಗಿಯಬೇಕು, ಶಾಸ್ತ್ರ ಒಪ್ಪುವುದಿಲ್ಲ ಎಂದೆ. ನೀನು "ಸರಿ" ಎಂದೆ.

ನಮ್ಮ ಮನೆಯ ಮಾಳಿಗೆಯಿಂದ ಹರಿಶ್ಚಂದ್ರ ಘಾಟ್ ಕಾಣುತ್ತದೆ. ರಾತ್ರಿಯಿಡೀ ಅಲ್ಲಿ ಚಿತೆ ಉರಿಯುತ್ತದೆ, ಒಂದು ದಿನವೂ ಆರಿದ್ದನ್ನು ನಾವಿಬ್ಬರೂ ನೋಡಿಲ್ಲ. ಆ ಬೆಂಕಿಯ ಬೆಳಕು ಗೋಡೆಯ ಮೇಲೆ ಆಡುವುದನ್ನು ನೋಡುತ್ತ ನೀನು ನಿದ್ದೆ ಹೋಗುತ್ತಿದ್ದೆ. ಕಾಶಿಯಲ್ಲಿ ಸುಡುವುದಕ್ಕೆ ಹೊತ್ತುಗೊತ್ತಿಲ್ಲ ಎನ್ನುವುದು ಈ ಊರಿನ ನಾಯಿಗೂ ಗೊತ್ತು. ನಿನಗೆ ಗೊತ್ತಿತ್ತು. ನಿನಗೆ ಗೊತ್ತಿದೆ ಎಂದು ನನಗೂ ಗೊತ್ತಿತ್ತು. ಆದರೂ ಹೇಳಿದೆ. ನೀನು ಅದನ್ನು ಸುಳ್ಳು ಎನ್ನಲಿಲ್ಲ. ನೀನು ಜಗಳ ಮಾಡಿದ್ದರೆ ನಾನು ಕಾಯುತ್ತಿದ್ದೆನೋ ಏನೋ, ಆ ನೆಪವನ್ನೂ ನಿನ್ನ ಮೇಲೆ ಹೊರಿಸುವುದಿಲ್ಲ.

ಮರುದಿನ ಬಳ್ಳಾರಿಯಿಂದ ನಲವತ್ತು ಜನರ ತಂಡ ಬರುವುದಿತ್ತು, ಅದಕ್ಕೇ ನಾನು ಅವಸರ ಮಾಡಿದೆ ಎಂದು ಓಣಿಯಲ್ಲಿ ಅಂದರು. ಕಾತ್ಯಾಯನಿಯೂ ಹಾಗೇ ತಿಳಿದಿದ್ದಾಳೆ. ನಾನು ತಿದ್ದಲಿಲ್ಲ. ಆ ಕಾರಣ ನಿಜವಾದ ಕಾರಣಕ್ಕಿಂತ ಮರ್ಯಾದೆಯದು.

ನಿಜವಾದದ್ದು ಇದು. ಬೆಳಿಗ್ಗೆ ಆರೂ ಕಾಲಿನಿಂದ ನನಗೆ ಏನೂ ಆಗುತ್ತಿರಲಿಲ್ಲ. ಅಮ್ಮನ ಬಾಯಿಗೆ ಗಂಗಾಜಲ ಬಿಟ್ಟೆ, ತುಳಸಿ ಇಟ್ಟೆ, ಹೆಬ್ಬೆರಳು ಕಟ್ಟಿದೆ, ಯಾರಿಗೆ ಹೇಳಿ ಕಳಿಸಬೇಕೋ ಕಳಿಸಿದೆ. ಮೂವತ್ತು ವರ್ಷ ಬೇರೆಯವರಿಗೆ ಮಾಡಿಸಿದ ಕೆಲಸವನ್ನು ಕೈಗಳು ಮಾಡಿಕೊಂಡು ಹೋದವು. ಒತ್ತಿದ್ದು ಗೊತ್ತಾಗುತ್ತಿತ್ತು, ನೋವು ಗೊತ್ತಾಗುತ್ತಿರಲಿಲ್ಲ. ನನ್ನಲ್ಲೇನೋ ಕೆಟ್ಟಿದೆ ಅನ್ನಿಸಿತು. ನೀನು ಬಂದರೆ ಅಮ್ಮನ ಕಾಲು ತಬ್ಬಿ ಕೂಗುತ್ತೀ ಎಂದು ಗೊತ್ತಿತ್ತು. ಆಗ ಎರಡರಲ್ಲಿ ಒಂದಾಗುತ್ತದೆ: ಒಂದೋ ನಿನ್ನ ಪಕ್ಕದಲ್ಲಿ ನಾನು ಕಂಬದ ಹಾಗೆ ನಿಂತಿರುವುದನ್ನು ಇಡೀ ಓಣಿ ನೋಡುತ್ತದೆ, ಇಲ್ಲವೇ ನಿನ್ನ ಜೊತೆ ನಾನೂ ಕುಸಿಯುತ್ತೇನೆ. ಎರಡಕ್ಕೂ ನನಗೆ ಭಯವಾಯಿತು. ಘಾಟಿನಲ್ಲಿ ಅಳುವವರನ್ನು ನಾನು ಎಷ್ಟು ಸಲ ಗದರಿದ್ದೇನೆ. ಅಳಬೇಡಿ, ನಿಮ್ಮ ಕಣ್ಣೀರು ಹೋದವರಿಗೆ ಭಾರ, ಹೆಸರು ಗೋತ್ರ ಹೇಳಿ ಎಂದು. ಆ ಬಾಯಿಂದಲೇ ಅಳುವುದು ಹೇಗೆ? ಶಾಸ್ತ್ರ ಅಂದರೆ ಎಲ್ಲರೂ ಸುಮ್ಮನಾಗುತ್ತಾರೆ ಎಂಬುದು ಗೊತ್ತಿದ್ದವನು, ಶಾಸ್ತ್ರ ಎಂದೆ.

ಎರಡು ಗಂಟೆಗೆ ಬೆಂಕಿ ಕೊಟ್ಟೆ. ಮಂತ್ರ ಹೇಳಿಸಿದವನು ಶಾಮ. ಅವನಿಗೆ ಅಮ್ಮನ ಕೈಯ ಊಟದ ಋಣ, ಎರಡು ಕಡೆ ತಪ್ಪಿದ. ಎರಡೂ ಕಡೆ ನಾನು ತಿದ್ದಿದೆ. ಹೆತ್ತವಳ ಚಿತೆಯ ಮುಂದೆ ಕೊಳ್ಳಿ ಹಿಡಿದು ನಿಂತು ಮಂತ್ರ ತಿದ್ದಿದೆ ವಿಶಾಲೂ. ಶಾಮ ಅದನ್ನು ಯಾರಿಗೂ ಹೇಳಿಲ್ಲ. ಅವನು ಹಾಗೆಲ್ಲ ಹೇಳುವವನಲ್ಲ.

ಐದೂವರೆಗೆ ನೀನು ಬಂದೆ. ಸ್ವೆಟರ್ ಹಾಕಿರಲಿಲ್ಲ. ನಾನು ಸ್ನಾನ ಮುಗಿಸಿ ಜಗಲಿಯಲ್ಲಿ ಕೂತು ಬಳ್ಳಾರಿಯವರ ಗೋತ್ರಗಳ ಪಟ್ಟಿ ಬರೆಯುತ್ತಿದ್ದೆ. ಸೂತಕದಲ್ಲಿ ಮಾಡಿಸುವ ಹಾಗಿಲ್ಲ, ಶಾಮನಿಗೆ ಕೊಡಬೇಕಾದ ಪಟ್ಟಿ ಅದು, ಆ ಗಳಿಗೆಯಲ್ಲೇ ಬರೆಯಬೇಕಾದ ಅವಶ್ಯಕತೆ ಏನೂ ಇರಲಿಲ್ಲ. ನೀನು ನನ್ನನ್ನು ನೋಡಿದೆ, ಪಟ್ಟಿಯನ್ನು ನೋಡಿದೆ, ಚೀಲ ಇಳಿಸಿ ಒಳಗೆ ಹೋದೆ. ಒಳಗೆ ನೀನು ಅಳುತ್ತಿದ್ದಾಗ ನಾನು ಕಾಶ್ಯಪ, ಭಾರದ್ವಾಜ, ಹರಿತಸ ಎಂದು ಬರೆಯುತ್ತಿದ್ದೆ. ಎದ್ದು ಬಂದು ಬಾಗಿಲು ತಟ್ಟಬೇಕಿತ್ತು. ನಾಲ್ಕು ಹೆಜ್ಜೆ.

ಇಷ್ಟನ್ನೂ ಮುಖಕ್ಕೆ ಮುಖ ಕೊಟ್ಟು ಹೇಳಬೇಕಿತ್ತು. ಹೇಳಲು ಮೂರು ವರ್ಷ ಸಾಕಾಗಲಿಲ್ಲ. ಆ ಹತ್ತು ದಿನ ನೀನು ನನಗೆ ಬಡಿಸಿದೆ, ಅಮ್ಮನ ಸೀರೆಗಳನ್ನು ಮಡಿಸಿದೆ, ಹದಿಮೂರನೆಯ ದಿನ ಹೊರಟೆ. ಬೈದಿದ್ದರೆ ನಾನು ಬೈಗುಳಕ್ಕೆ ಉತ್ತರವನ್ನಾದರೂ ಹುಡುಕುತ್ತಿದ್ದೆ. ಕ್ಷಮಿಸು ಎಂದು ಕೇಳುತ್ತಿಲ್ಲ. ಅಮ್ಮನ ಮುಖವನ್ನು ನಾನು ನಿನಗೆ ಮತ್ತೆ ತೋರಿಸಲಾರೆ, ಆ ಮೇಲೆ ಕ್ಷಮೆಯಿಂದ ಏನು ತಾನೇ ಸರಿಹೋಗುತ್ತದೆ? ನಾನು ಹೇಳಿದ್ದು ಸುಳ್ಳು, ಗೊತ್ತಿದ್ದೂ ಹೇಳಿದೆ. ಅದು ನನ್ನ ಕೈಬರಹದಲ್ಲಿ ನಿನ್ನ ಹತ್ತಿರ ಇರಲಿ.

ಇನ್ನೊಂದು ವಿಷಯ ಹಲ್ಲಿನದು, ಮುಚ್ಚಿಟ್ಟರೆ ಮತ್ತೆ ಸುಳ್ಳಾಗುತ್ತದೆ. ನನ್ನ ಕೆಳತುಟಿಯ ಎಡಗಡೆ ಒಂದು ರೂಪಾಯಿ ನಾಣ್ಯದಷ್ಟು ಜಾಗ ಐದು ವಾರವಾದರೂ ಮರಗಟ್ಟಿಯೇ ಇದೆ. ಹಲ್ಲಿನ ಬೇರು ನರಕ್ಕೆ ಅಂಟಿಕೊಂಡಿತ್ತಂತೆ. ತಿಂಗಳುಗಳಲ್ಲಿ ತಿಳಿವು ಬರಬಹುದು, ಅಪರೂಪಕ್ಕೆ ಬರದೆಯೂ ಇರಬಹುದು ಎಂದರು ಡಾಕ್ಟರು. ಎಲ್ಲರಿಗೂ ಹಾಗಾಗುವುದಿಲ್ಲ, ಬಹಳ ಕಡಿಮೆ ಜನಕ್ಕೆ ಆಗುತ್ತದೆ. ನಿನ್ನ ಎಕ್ಸ್‌ರೇ ನೋಡುವಾಗ ಬೇರು ನರದ ಹತ್ತಿರ ಇದೆಯಾ ಎಂದು ಬಾಯಿ ಬಿಟ್ಟು ಕೇಳು. ನನಗೆ ಮಂತ್ರಕ್ಕೇನೂ ತೊಂದರೆಯಾಗಿಲ್ಲ. ಆಚಮನದ ನೀರು ಆ ಜಾಗದಲ್ಲಿ ಮಾತ್ರ ತಣ್ಣಗೆ ತಾಗುವುದಿಲ್ಲ. ಹೋದ ವಾರದಿಂದ ಬೆಳಗಿನ ಹೊತ್ತೂ ಹಲ್ಲುಜ್ಜುತ್ತಿದ್ದೇನೆ. ಅಪ್ಪನ ಪಟದ ಕಡೆ ಬೆನ್ನು ಹಾಕಿಕೊಂಡು.

ಈಗ ದಿನದ ವಿಷಯ. ನಿನಗೆ ಬುಧವಾರ ಏಳನೇ ತಾರೀಕು ಕೊಟ್ಟಿದ್ದಾರಂತೆ. ಎರಡೂ ಕಡೆ ಒಟ್ಟಿಗೆ ತೆಗೆಯುವುದರಿಂದ ಜೊತೆಗೆ ಮನೆಯವರು ಯಾರಾದರೂ ಇರಲೇಬೇಕು ಎಂದಿದ್ದಾರಂತೆ. ಶಾಲೆಯ ಆಯಾ ಬರುತ್ತಾಳೆ, ಅಣ್ಣನಿಗೆ ಹೇಳುವುದು ಬೇಡ ಎಂದು ನೀನು ಅತ್ತಿಗೆಗೆ ಹೇಳಿದೆಯಂತೆ. ಅವಳು ಹೇಳಿದಳು, ಅವಳ ಮೇಲೆ ಕೋಪ ಮಾಡಬೇಡ. ಪಂಚಾಂಗ ತೆಗೆದು ನೋಡಿದೆ. ಬುಧವಾರ ಪುಷ್ಯ ಬಹುಳ ಪಂಚಮಿ, ಅಮ್ಮನ ತಿಥಿ. ಅದು ನಿನಗೆ ಗೊತ್ತಿಲ್ಲದೆ ಇರಲಾರದು. ಹೋದ ಎರಡು ವರ್ಷವೂ ಆ ದಿನ ಬಾ ಎಂದು ಕರೆದಾಗ ನೀನು "ಶಾಲೆ ಇದೆ" ಎಂದಿದ್ದೆ. ಈ ಸಲ ಆ ದಿನವೇ ಯಾಕೆ ಎಂದು ನಾನು ಕೇಳುವುದಿಲ್ಲ.

ಕಾತ್ಯಾಯನಿ ನನ್ನ ಮುಖ ನೋಡುತ್ತಿದ್ದಳು. ನಿನ್ನೆ ಶಾಮನನ್ನು ಕರೆದು, ಮಂಗಳವಾರದಿಂದ ಹತ್ತು ದಿನ ನಾನಿರುವುದಿಲ್ಲ, ಮಾಘದ ಯಾತ್ರಿಕರೆಲ್ಲ ನಿನ್ನವರು ಎಂದೆ. ಅವನು ಗಾಬರಿಯಿಂದ, "ಅಮ್ಮಾವ್ರ ಶ್ರಾದ್ಧ?" ಎಂದ. ನಾನು ಹೇಳಿದ ಉತ್ತರವನ್ನು ನಿನಗೂ ಬರೆಯುತ್ತೇನೆ. ವಿಘ್ನ ಬಂದು ತಿಥಿ ತಪ್ಪಿದರೆ ಅಮಾವಾಸ್ಯೆಗೆ ಮಾಡಬಹುದು. ಇದು ನಿಜವಾದ ಶಾಸ್ತ್ರ, ನಾನು ಕಟ್ಟಿದ್ದಲ್ಲ, ಬೇಕಾದರೆ ಬೇರೆ ಯಾರನ್ನಾದರೂ ಕೇಳು. ತಂಗಿಯ ಹಲ್ಲು ಕೀಳುವುದು ವಿಘ್ನಗಳ ಪಟ್ಟಿಯಲ್ಲಿಲ್ಲ. ಅದನ್ನು ನಾನು ಸೇರಿಸಿದ್ದೇನೆ. ತಪ್ಪಾದರೆ ತಪ್ಪು ನನ್ನದು.

ಟಿಕೆಟ್ ಆಗಿದೆ. ಮಂಗಳವಾರ ಸಂಜೆಗೆ ಜಬಲಪುರ. ಈಗ ಮಂಜಿನ ಕಾಲ, ಗಾಡಿ ತಡವಾದೀತೆಂದು ಒಂದು ದಿನ ಮುಂಚೆಯೇ ಹೊರಡುತ್ತಿದ್ದೇನೆ. ನಾನು ಬರುವುದು ಬೇಡವಾದರೆ ಬೇಡ ಎಂದು ಒಂದೇ ಮಾತು ಬರೆ, ಒಂದೇ ಮಾತಿನಲ್ಲಿ ಬರೆಯುವುದು ನಿನಗೆ ಚೆನ್ನಾಗಿ ಅಭ್ಯಾಸವಾಗಿದೆ. ಬರೆಯದಿದ್ದರೆ ಬರುತ್ತೇನೆ. ಕ್ಲಿನಿಕ್ಕಿನ ಬೆಂಚಿನ ಮೇಲೆ ಎಷ್ಟು ಹೊತ್ತಾದರೂ ಕೂತಿರುತ್ತೇನೆ. ಗಂಜಿ ಮಾಡಲು ಬರುತ್ತದೆ, ಐಸ್ ಇಡಲು ಬರುತ್ತದೆ. ನಿನಗೆ ಬಾಯಿ ತೆರೆಯಲಾಗುವುದಿಲ್ಲ, ನನಗೆ ಮೊದಲಿಂದಲೂ ಮಾತು ಕಡಿಮೆ. ನಾಲ್ಕು ದಿನ ಹೇಗೋ ಸಾಗುತ್ತದೆ. ಏಳನೆಯ ದಿನ ಹೊಲಿಗೆ ಬಿಚ್ಚುತ್ತಾರೆ. ಆಮೇಲೆ ನಿನಗೆ ಮನಸ್ಸಾದರೆ ನನ್ನ ಜೊತೆ ಕಾಶಿಗೆ ಬಾ. ಭಾನುವಾರದ ಅಮಾವಾಸ್ಯೆಗೆ ನೀನು ಮುಂದೆ ಕೂತಿರು. ಅಲ್ಲಿ ನಿನಗೆ ಅಳು ಬಂದರೆ ನಾನು ಗದರುವುದಿಲ್ಲ. ನನಗೆ ಬರುತ್ತದೋ ಇಲ್ಲವೋ ಗೊತ್ತಿಲ್ಲ, ಬರದಿದ್ದರೂ ನಿನ್ನ ಪಕ್ಕದಲ್ಲೇ ಇರುತ್ತೇನೆ.

ಮನಸ್ಸಾಗದಿದ್ದರೂ ಅವಸರವಿಲ್ಲ. ನೀನು ಹುಷಾರಾಗು. ಅಮ್ಮ ಅಮಾವಾಸ್ಯೆಯವರೆಗೆ ಕಾಯುತ್ತಾಳೆ.

ಕಂಡವರಿಗೆಲ್ಲ ನೂರು ವರ್ಷ ಬಾಳಿ ಎಂದು ಹರಸುವ ಬಾಯಿ ಇದು. ನಿನಗೆ ಅಷ್ಟು ದೊಡ್ಡದನ್ನು ಹೇಳುವುದಿಲ್ಲ. ಬೇಗ ಊತ ಇಳಿಯಲಿ, ಒಳ್ಳೆಯ ನಿದ್ದೆ ಬರಲಿ, ತಿಂದದ್ದು ರುಚಿಸಲಿ.

ನಿನ್ನ ಅಣ್ಣ,
ವಾಸುದೇವ